ಹಳೇ ಹ್ಯಾಂಗರ್‌ನ ತಗಡಿಗೆ 6 ಎಂಎಂ ರಾಡ್ ಸಾಕು

ಡಕೋಟಾ ವಿಮಾನದ ಮಾಡೆಲ್‌ಗೆ ಹಳೇ ಕಾಲದ ಹ್ಯಾಂಗರ್ (ವಿಮಾನ ನಿಲ್ಲಿಸುವ ಶೆಡ್) ಮಾಡುವುದು ಹೇಗೆ ಅಂತ ಇಲ್ಲಿ ಇಬ್ಬರು ಕೇಳಿದ್ದರು. 1951ರಲ್ಲಿ ನೆಹರೂ ಮಂಗಳೂರಿನ ಬಜಪೆ ವಿಮಾನ ನಿಲ್ದಾಣಕ್ಕೆ ಬಂದಿಳಿದದ್ದು ಇದೇ ಥರದ ವಿಮಾನದಲ್ಲಿ, ಹಾಗಾಗಿ ಮಂಗಳೂರಿನವರಿಗೆ ಇದರ ಮೇಲೆ ಪ್ರೀತಿ ಜಾಸ್ತಿ ಅಲ್ವಾ! ರೆಕ್ಕೆಗಳ ಉದ್ದ ಈ ತುದಿಯಿಂದ ಆ ತುದಿಗೆ ಸುಮಾರು 29 ಮೀಟರ್. 1:72 ಅಳತೆಯಲ್ಲಿ, ಅಂದರೆ 72 ಪಟ್ಟು ಚಿಕ್ಕದು ಮಾಡಿದರೆ, 40 ಸೆಂ.ಮೀ. ಬಾಗಿಲು ಅದಕ್ಕಿಂತ ಅಗಲ ಇಡಿ.

ಕಷ್ಟ ಇರುವುದು ತಗಡಿನ ಶೀಟಿನಲ್ಲಿ. ನಿಜವಾದ ಶೀಟಿನಲ್ಲಿ ಸುಮಾರು 3 ಇಂಚಿಗೊಂದು ಅಲೆ, ಅಂದರೆ ಮಾಡೆಲ್‌ನಲ್ಲಿ 1 ಎಂಎಂ. ಹಾರ್ಡ್‌ವೇರ್ ಅಂಗಡಿಯ ಮಾಮೂಲಿ 6 ಎಂಎಂ ಥ್ರೆಡ್ ರಾಡ್‌ನ (ಉದ್ದಕ್ಕೂ ಸ್ಕ್ರೂ ಥರ ಗೀರು ಇರುವ ಸರಳು) ಥ್ರೆಡ್ ಅಂತರವೂ ಅಷ್ಟೇ. ಊಟ ಪಾರ್ಸೆಲ್ ಬರುವ ಅಲ್ಯೂಮಿನಿಯಂ ಡಬ್ಬಿಯ ಚಪ್ಪಟೆ ಭಾಗ ತೆಗೆದು, ಹಳೇ ಮೌಸ್ ಪ್ಯಾಡ್ ಮೇಲಿಟ್ಟು, ರಾಡನ್ನು ಲಟ್ಟಣಿಗೆ ಥರ ಒತ್ತಿ ಉರುಳಿಸಿ. ಗೀರು ಸ್ವಲ್ಪ ಓರೆ ಬರುತ್ತದೆ. ಆಮೇಲೆ ಗೀರು ನೋಡಿಕೊಂಡು ಅಂಚು ಕತ್ತರಿಸಿ. ನಾನು ಮೊದಲೇ ಅಳತೆಗೆ ಕತ್ತರಿಸಿ ಎರಡು ಡಬ್ಬಿ ಸುಮ್ನೆ ಹಾಳು ಮಾಡಿದೆ.

ತುಕ್ಕಿಗೆ ದುಬಾರಿ ಪೇಂಟ್ ಬೇಡ. ಮ್ಯಾಟ್ ಪ್ರೈಮರ್ ಹೊಡೆದು ಒಣಗಿದ ಮೇಲೆ, ಬಟ್ಟೆಯಲ್ಲಿ ಸೋಸಿದ ಮುರಕಲ್ಲಿನ (ಕೆಂಪು ಜಂಬಿಟ್ಟಿಗೆ ಕಲ್ಲು) ಪುಡಿಯನ್ನು ಒಣ ಬ್ರಷ್‌ನಲ್ಲಿ ಶೀಟಿನ ಜೋಡಣೆಗಳ ಕೆಳಗೆ ಸವರಿ. ಬೇಸ್‌ಗೆ ಮಾತ್ರ ರಟ್ಟು ಹಾಕಬೇಡಿ. ಆಟಿ ತಿಂಗಳ (ಆಷಾಢದ) ಮಳೆಗೆ ಹಪ್ಪಳದ ಹಾಗೆ ಎದ್ದು ನಿಲ್ಲುತ್ತದೆ. ಸನ್‌ಬೋರ್ಡ್ (ಪ್ಲಾಸ್ಟಿಕ್ ಫೋಮ್ ಹಲಗೆ) ಹಾಕಿ.