ಸೇಬಿನ ಬಳಗವನ್ನು ಅಡ್ಡ ಕೊಯ್ದು ಕಲಿಸಿದ ಬಗೆ

ಪುಣೆಯ ಕಾಲೇಜೊಂದರಲ್ಲಿ ಸಸ್ಯಶಾಸ್ತ್ರ ಕಲಿಸುತ್ತಿದ್ದಾಗ ಗುಲಾಬಿ ಕುಟುಂಬದ ಪಾಠವನ್ನು ನಾನು ಲ್ಯಾಟಿನ್ ಹೆಸರುಗಳಿಂದಲ್ಲ, ಗುಲ್‌ಟೇಕಡಿಯ ಮಾರ್ಕೆಟ್ ಯಾರ್ಡಿನಿಂದ ತಂದ ಹಣ್ಣುಗಳಿಂದ ಆರಂಭಿಸುತ್ತಿದ್ದೆ. ಆ ಕುಟುಂಬಕ್ಕೆ ಸೇರಿದ ಸೇಬಿನ ಹೂವು ಇಲ್ಲಿ ಕೈಗೆ ಸಿಗುವುದು ಕಷ್ಟ. ಹಣ್ಣು ಮಾತ್ರ ವರ್ಷವಿಡೀ ಸಿಗುತ್ತದೆ.

ಸೇಬನ್ನು ಅಡ್ಡಲಾಗಿ ಕೊಯ್ದರೆ ನಡುವೆ ಐದು ಕೋಣೆಗಳೂ ಒಂದೊಂದರಲ್ಲಿ ಸಾಮಾನ್ಯವಾಗಿ ಎರಡು ಬೀಜಗಳೂ ಕಾಣುತ್ತವೆ. ನಾವು ತಿನ್ನುವ ತಿರುಳಿನ ಬಹುಭಾಗ ಅಂಡಾಶಯದ್ದಲ್ಲ, ಅದನ್ನು ಸುತ್ತಿ ಬೆಳೆದ ಹೂಬಟ್ಟಲಿನದು, ಅಂದರೆ ಹೂವಿನ ಬಟ್ಟಲಿನಾಕಾರದ ಬುಡದ್ದು; ಆದ್ದರಿಂದಲೇ ಒಣಗಿದ ಪುಷ್ಪಪತ್ರಗಳು (ಮೊಗ್ಗನ್ನು ಹೊದ್ದಿರುವ ಹಸಿರು ಎಸಳುಗಳು) ಹಣ್ಣಿನ ತುದಿಯಲ್ಲಿ ಉಳಿದಿರುತ್ತವೆ. ಈ ಒಂದೇ ಗುರುತನ್ನು ನಂಬಬಾರದು. ಪನ್ನೇರಳೆಯ ತುದಿಯಲ್ಲೂ ಪುಷ್ಪಪತ್ರಗಳಿರುತ್ತವೆ, ಆದರೆ ಎದುರುಬದುರಾಗಿ ಹುಟ್ಟುವ, ಎಣ್ಣೆಗ್ರಂಥಿಗಳಿರುವ ಅದರ ಎಲೆಗಳು ಅದು ನೇರಳೆಯ ಕುಟುಂಬದ್ದೆಂದು ಸ್ಪಷ್ಟಪಡಿಸುತ್ತವೆ.

ಮರಸೇಬಿನ ಒಳರಚನೆಯೂ ಸೇಬಿನಂತೆಯೇ. ಆದರೆ ಅದರ ತಿರುಳು ನಾಲಿಗೆಗೆ ಮರಳಿನಂತೆ ಹತ್ತುತ್ತದೆ. ತೆಳುವಾದ ಸೀಳಿಗೆ ಫ್ಲೋರೋಗ್ಲುಸಿನಾಲ್ ಮತ್ತು ಹೈಡ್ರೋಕ್ಲೋರಿಕ್ ಆಮ್ಲ ಹಾಕಿ ಸೂಕ್ಷ್ಮದರ್ಶಕದಡಿ ಇಟ್ಟರೆ, ಮರಕ್ಕೆ ಗಡಸುತನ ಕೊಡುವ ಲಿಗ್ನಿನ್ ಎಂಬ ವಸ್ತು ತುಂಬಿದ ಕಲ್ಲುಕೋಶಗಳು ಕೆಂಪಾಗಿ ಗುಂಪುಗುಂಪಾಗಿ ಎದ್ದು ಕಾಣುತ್ತವೆ. ಇಡೀ ಪಾಠದಲ್ಲಿ ನನಗೆ ಅತ್ಯಂತ ಪ್ರಿಯವಾದ ಘಟ್ಟವಿದು. ಕಾಶ್ಮೀರದಿಂದ ತರಿಸಿದ, ಇದೇ ಬಳಗದ ಕ್ವಿನ್ಸ್ ಹಣ್ಣಿನಲ್ಲಾದರೋ ಒಂದೊಂದು ಕೋಣೆಯಲ್ಲೂ ಅನೇಕ ಬೀಜಗಳಿರುತ್ತವೆ.

ಸಸ್ಯಗಳಿಗೆ ಲ್ಯಾಟಿನ್ ಜೋಡಿಹೆಸರು ಕೊಟ್ಟ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಸೇಬು, ಮರಸೇಬು, ಕ್ವಿನ್ಸ್ ಈ ಮೂರನ್ನೂ ಪೈರಸ್ ಎಂಬ ಒಂದೇ ಕುಲದಲ್ಲಿಟ್ಟನು. ಮರುವರ್ಷವೇ ಇಂಗ್ಲೆಂಡಿನ ಸಸ್ಯವಿಜ್ಞಾನಿ ಫಿಲಿಪ್ ಮಿಲ್ಲರ್ ಸೇಬನ್ನು ಮಾಲಸ್ ಎಂದೂ ಕ್ವಿನ್ಸನ್ನು ಸೈಡೋನಿಯ ಎಂದೂ ಬೇರ್ಪಡಿಸಿದನು. ಮಿಲ್ಲರನ ನಿರ್ಧಾರವೇ ಸರಿಯೆಂದು ನನ್ನ ಅಭಿಪ್ರಾಯ. ಒಣಗಿಸಿದ ಹೂಗಳನ್ನು ನೆನೆಸಿ ಬಿಡಿಸಿದಾಗ ಸೇಬಿನ ಶಲಾಕೆಗಳು (ಅಂಡಾಶಯದ ಮೇಲಿನ ಕಡ್ಡಿಯಂಥ ಭಾಗಗಳು) ಬುಡದಲ್ಲಿ ಕೂಡಿಕೊಂಡಿರುವುದನ್ನೂ ಮರಸೇಬಿನವು ಬಿಡಿಯಾಗಿರುವುದನ್ನೂ ವಿದ್ಯಾರ್ಥಿಗಳು ತಾವೇ ಕಂಡುಕೊಳ್ಳುತ್ತಿದ್ದರು. ಹಾಗೆಂದು ಅವು ದೂರದ ನೆಂಟರೇನಲ್ಲ: ಮರಸೇಬನ್ನು ಕ್ವಿನ್ಸ್ ಬೇರುಗಿಡಕ್ಕೆ ಕಸಿ ಕಟ್ಟುವ ಪದ್ಧತಿ ಇಂದಿಗೂ ಇದೆ.

ಈ ಬಳಗದ ಮೂಲ ವರ್ಣತಂತು ಸಂಖ್ಯೆ, ಅಂದರೆ ಒಂದು ಜೊತೆಯಲ್ಲಿರುವ ಕ್ರೋಮೋಸೋಮುಗಳ ಎಣಿಕೆ, 17. ಗುಲಾಬಿ ಕುಟುಂಬದ ಉಳಿದವುಗಳಲ್ಲಿ ಅದು ಸಾಮಾನ್ಯವಾಗಿ 7, 8 ಅಥವಾ 9. ಎಂಟು ಮತ್ತು ಒಂಬತ್ತರ ಎರಡು ಪೂರ್ವಜರು ಬೆರೆತು ಹದಿನೇಳಾಯಿತೆಂದು ಹಿಂದೆ ಹೇಳುತ್ತಿದ್ದರು. 2010ರಲ್ಲಿ ಪ್ರಕಟವಾದ ಸೇಬಿನ ಜೀನೋಮ್ ಅಧ್ಯಯನವು, ಒಂಬತ್ತರ ಒಂದೇ ಪೂರ್ವಜದ ವರ್ಣತಂತುಗಳು ಇಮ್ಮಡಿಯಾಗಿ, ನಂತರ ಒಂದು ಕಡಿಮೆಯಾದವೆಂಬ ವಿವರಣೆಯನ್ನು ಬೆಂಬಲಿಸಿತು. ಹಳೆಯ ಪಠ್ಯಗಳಲ್ಲಿ ಮಾಲಾಯ್ಡಿಯೇ ಎಂಬ ಪ್ರತ್ಯೇಕ ಉಪಕುಟುಂಬವಾಗಿದ್ದ ಈ ಸೇಬಿನ ಬಳಗ ಈಗ, ಬಾದಾಮಿ ಮತ್ತು ಪೀಚ್ ಇರುವ ಅಮಿಗ್ಡಲಾಯ್ಡಿಯೇ ಉಪಕುಟುಂಬದೊಳಗೆ ಸೇರಿದೆ. ಆದ್ದರಿಂದ ಕೊನೆಯ ತರಗತಿಯಲ್ಲಿ ಸೇಬಿನ ಪಕ್ಕದಲ್ಲೇ ಒಂದು ಪೀಚನ್ನೂ ಕೊಯ್ದು, ಒಂಟಿ ಓಟೆಯ ಆ ಹಣ್ಣಿನ ತಿರುಳು ಅಂಡಾಶಯದ ಗೋಡೆಯಿಂದಲೇ ಬೆಳೆದದ್ದೆಂದು ತೋರಿಸುತ್ತಿದ್ದೆ.