ಪಪೆನೋ ಕಣಿವೆಯಲ್ಲಿ ಹೊಳೆ ನೋಡಿ ಗಾಡಿ ಓಡಿಸಿದ್ದು

ಪಪೆನೋ ಹೊಳೆ ಸಮುದ್ರ ಸೇರುವ ಕಡೆ ಒಂದು ಸೇತುವೆ ಇದೆ. ಬೆಳಿಗ್ಗೆ 7 ಗಂಟೆಗೆ ಅಲ್ಲಿ ಪಿಕಪ್ ನಿಲ್ಲಿಸಿದ ಅದರ ಯಜಮಾನರು ಇಳಿದು ಹೋಗಿ, ಕಂಬಿ ಹಿಡಿದುಕೊಂಡು ಕೆಳಗೆ ನೋಡುತ್ತ ನಿಂತರು. ಎರಡು ನಿಮಿಷ ಮಾತಿಲ್ಲ. ಆಮೇಲೆ ನನ್ನನ್ನೂ ಕರೆದು ತೋರಿಸಿದರು. ನೀರು ತಿಳಿಯಾಗಿತ್ತು, ತಳದ ಕರಿ ಕಲ್ಲುಗಳು ಒಂದೊಂದೂ ಬೇರೆ ಬೇರೆಯಾಗಿ ಕಾಣುತ್ತಿದ್ದವು. "ಕಲ್ಲು ಕಾಣ್ತಿದೆ, ಹೋಗೋಣ" ಅಂದರು. ಆ ದಿನ ನಾನು ಕಲಿತದ್ದೆಲ್ಲ ಶುರುವಾಗಿದ್ದು ಅಲ್ಲಿಂದಲೇ.

ಇದು ಟಹೀಟಿ. ಫ್ರೆಂಚ್ ಪಾಲಿನೇಷ್ಯಾದ ಅತಿ ದೊಡ್ಡ ದ್ವೀಪ. ಬಂದವರಲ್ಲಿ ಬಹಳ ಜನ ಒಂದು ರಾತ್ರಿ ಕಳೆದು ಪಕ್ಕದ ಮೊರೆಯಾಗೋ ದೂರದ ಬೋರಾ ಬೋರಾಗೋ ಹೊರಟುಬಿಡುತ್ತಾರೆ. ಊರುಗಳೆಲ್ಲ ಕರಾವಳಿ ಸುತ್ತ ಒಂದು ತೆಳು ಪಟ್ಟಿಯಲ್ಲಿವೆ. ಒಳಗೆ ಬೆಟ್ಟ, ಕಾಡು, ನೀರು. ನನಗೆ ಬೇಕಾಗಿದ್ದದ್ದು ಆ ಒಳಭಾಗ.

ಬಾಡಿಗೆಗೆ ಒಂದು ಫೋರ್ ಬೈ ಫೋರ್ (ನಾಲ್ಕೂ ಚಕ್ರಕ್ಕೆ ಎಂಜಿನ್ ಬಲ ಹೋಗುವ ಗಾಡಿ) ತಗೊಂಡು ನಾನೇ ಹೋಗೋಣ ಅಂತ ಮೊದಲು ಅಂದುಕೊಂಡಿದ್ದೆ. ಕರಾರು ಓದಿದರೆ ಡಾಂಬರು ರಸ್ತೆ ಬಿಟ್ಟು ಇಳಿದ ಕೂಡಲೇ ವಿಮೆ ಇಲ್ಲ ಅಂತ ಬರೆದಿತ್ತು. ಹಾಗಾಗಿ ಮೊದಲ ದಿನ ಎಲ್ಲರ ಹಾಗೆ, ಹಿಂದೆ ಎರಡು ಬೆಂಚು ಹಾಕಿದ ಪ್ರವಾಸಿ ಗಾಡಿಯಲ್ಲಿ ಕೂತು ಹೋಗಿ ಬಂದೆ. ಆ ಗಾಡಿ ಓಡಿಸಿದವರೇ ಈ ಯಜಮಾನರು. ಅರವತ್ತು ದಾಟಿದವರು. ನಾನು ದಾರಿಯುದ್ದಕ್ಕೂ ಅವರ ಗೇರು, ಕಾಲು, ಕೈ ನೋಡುತ್ತಿದ್ದದ್ದು ಅವರಿಗೆ ಗೊತ್ತಾಗಿರಬೇಕು. ವಾಪಸ್ ಬಂದ ಮೇಲೆ "ನೀವು ಗಾಡಿ ಓಡಿಸ್ತೀರಾ?" ಅಂತ ಕೇಳಿದರು. ಹನ್ನೆರಡು ವರ್ಷದಿಂದ ಕಚ್ಚಾ ದಾರಿಗಳಲ್ಲಿ ಓಡಿಸುತ್ತಿದ್ದೇನೆ ಅಂದೆ. ಮರುದಿನ ಅವರ ರಜೆ. ಅವರ ಸ್ವಂತ ಡೀಸೆಲ್ ಪಿಕಪ್‌ನಲ್ಲಿ, ಅವರು ಪಕ್ಕದಲ್ಲಿ ಕೂತಿದ್ದರೆ, ಕಣಿವೆಯ ಒಳಗೆ ನಾನು ಓಡಿಸಬಹುದು ಅಂತ ಒಪ್ಪಂದ ಆಯಿತು. ದುಡ್ಡು ಅಲ್ಲಿಯ ಪೆಸಿಫಿಕ್ ಫ್ರಾಂಕಿನಲ್ಲಿ ಕೊಟ್ಟೆ. ಯೂರೋ ಇಟ್ಟುಕೊಂಡು ಹೋಗುವವರಿಗೆ ಲೆಕ್ಕ ಸುಲಭ, ಇದರ ದರ ಯೂರೋಗೆ ಕಟ್ಟಿಹಾಕಿದ್ದು: 1000 ಫ್ರಾಂಕ್ ಅಂದರೆ 8.38 ಯೂರೋ.

ಪಪೆನೋ ಊರು ಉತ್ತರ ಕರಾವಳಿಯಲ್ಲಿ, ರಾಜಧಾನಿ ಪಪೇಟೆಯಿಂದ 17 ಕಿಲೋಮೀಟರ್. ಅಲ್ಲಿ ವಿಳಾಸ ಹೇಳುವುದೂ ಹಾಗೇ, "ಪಿಕೆ 17", ಅಂದರೆ 17ನೇ ಕಿಲೋಮೀಟರಿನ ಗುರುತು. ಸೇತುವೆಯ ಹತ್ತಿರ ಬಲಕ್ಕೆ ತಿರುಗಿದರೆ ಕಣಿವೆಯ ದಾರಿ.

ಈ ಕಣಿವೆ ಹೇಗಾಯಿತು ಅಂತ ಗೊತ್ತಿದ್ದರೆ ನೋಡುವ ಕಣ್ಣೇ ಬೇರೆಯಾಗುತ್ತದೆ. ಇಡೀ ದ್ವೀಪ ಆರಿದ ಎರಡು ಜ್ವಾಲಾಮುಖಿಗಳಿಂದ ಆದದ್ದು. ಅವುಗಳಲ್ಲಿ ದೊಡ್ಡದರ ನಡುವಿನ ಭಾಗ ಕುಸಿದು ಒಂದು ದೊಡ್ಡ ಬೋಗುಣಿ ಆಗಿದೆ, ಆ ಬೋಗುಣಿಯ ಉತ್ತರದ ಅಂಚನ್ನು ಕೊರೆದುಕೊಂಡು ಪಪೆನೋ ಹೊಳೆ ಸಮುದ್ರಕ್ಕೆ ಹೋಗುತ್ತದೆ. ಅಂದರೆ ನೀವು ಹೊಳೆಯ ಪಕ್ಕ ಮೇಲೆ ಹೋದಷ್ಟೂ ಹಳೆಯ ಜ್ವಾಲಾಮುಖಿಯ ಹೊಟ್ಟೆಯೊಳಗೆ ಹೋಗುತ್ತೀರಿ. ಪಶ್ಚಿಮದ ಗೋಡೆಯಲ್ಲಿ ಒರೊಹೆನಾ ಶಿಖರ, 2241 ಮೀಟರ್, ದ್ವೀಪದಲ್ಲೇ ಎತ್ತರದ್ದು. ಪೂರ್ವದಿಂದ ಬೀಸುವ ಗಾಳಿ ಸಮುದ್ರದ ತೇವ ಹೊತ್ತು ತಂದು ಈ ಗೋಡೆಗಳಿಗೆ ಬಡಿಸುತ್ತದೆ. ಹಾಗಾಗಿ ಕರಾವಳಿಯಲ್ಲಿ ಬಿಸಿಲಿದ್ದರೂ ಒಳಗೆ ಮಳೆ. ಮಳೆಗಾಲ ನವೆಂಬರಿನಿಂದ ಏಪ್ರಿಲ್, ನಾನು ಹೋಗಿದ್ದು ಆಗಸ್ಟಿನಲ್ಲಿ, ಆದರೂ ಎರಡೂ ದಿನ ನೆನೆದೆ.

ಡಾಂಬರು ಮುಗಿಯುವಲ್ಲಿ ಸ್ಟೀರಿಂಗ್ ನನ್ನ ಕೈಗೆ ಬಂತು. ಅಲ್ಲಿ ಬಲಗಡೆ ಓಡಿಸಬೇಕು, ಸ್ಟೀರಿಂಗ್ ಎಡಕ್ಕೆ, ಗೇರು ಬಲಗೈಗೆ. ಮೊದಲ ಅರ್ಧ ಗಂಟೆ ಕೈ ತಾನಾಗಿ ಬಾಗಿಲ ಕಡೆ ಹೋಗುತ್ತಿತ್ತು. ಟೈರಿನ ಗಾಳಿ 32ರಿಂದ 22ಕ್ಕೆ ಇಳಿಸಿದೆವು. ಗಾಳಿ ಕಡಿಮೆಯಾದರೆ ಟೈರು ಅಗಲವಾಗಿ ಕೂತು ದುಂಡುಗಲ್ಲನ್ನು ಹಿಡಿದುಕೊಳ್ಳುತ್ತದೆ, ಬೆನ್ನಿಗೆ ಬೀಳುವ ಹೊಡೆತವೂ ಕಮ್ಮಿ. ಆಮೇಲೆ ಲೋ ರೇಂಜ್ (ವೇಗ ಕಮ್ಮಿ, ಎಳೆತ ಜಾಸ್ತಿ ಇರುವ ಗೇರಿನ ಸಾಲು), ಎರಡನೇ ಗೇರು. ಹೆಬ್ಬೆರಳನ್ನು ಸ್ಟೀರಿಂಗ್ ಒಳಗೆ ಸಿಕ್ಕಿಸಬಾರದು, ಕಲ್ಲಿಗೆ ಚಕ್ರ ಬಡಿದು ಸ್ಟೀರಿಂಗ್ ಗಿರ್ರನೆ ತಿರುಗಿದರೆ ಬೆರಳು ಹೋಗುತ್ತದೆ. ಇದು ನನಗೆ ಗೊತ್ತಿತ್ತು, ಆದರೂ ಯಜಮಾನರು ನನ್ನ ಹೆಬ್ಬೆರಳನ್ನು ಒಮ್ಮೆ ಮುಟ್ಟಿ ನೋಡಿದರು.

ಮೊದಲ ಸಲ ಹೊಳೆ ದಾಟುವ ಜಾಗದಲ್ಲಿ ನಾನು ನೇರ ಇಳಿಸಲು ಹೊರಟಿದ್ದೆ. ಅವರು ತಡೆದರು. ಎಂಜಿನ್ ಆಫ್ ಮಾಡಿಸಿ ಐದು ನಿಮಿಷ ಸುಮ್ನೆ ಕೂರಿಸಿದರು. ಕಾರಣ ನಾನು ಕೇಳಿದ್ದೆ, ಆದರೆ ಯಾವತ್ತೂ ಪಾಲಿಸಿರಲಿಲ್ಲ: ಓಡಿ ಓಡಿ ಆಕ್ಸಲ್, ಡಿಫರೆನ್ಷಿಯಲ್ (ಎರಡು ಚಕ್ರಕ್ಕೆ ಬಲ ಹಂಚುವ ಗೇರುಗಳ ಪೆಟ್ಟಿಗೆ) ಎಲ್ಲ ಬಿಸಿಯಾಗಿರುತ್ತವೆ, ಅದೇ ಬಿಸಿಯಲ್ಲಿ ತಣ್ಣೀರಿಗೆ ಇಳಿಸಿದರೆ ಒಳಗಿನ ಗಾಳಿ ಒಮ್ಮೆಲೇ ಕುಗ್ಗಿ ಸೀಲಿನ ಸಂದಿಯಿಂದ ನೀರನ್ನು ಒಳಗೆ ಎಳೆದುಕೊಳ್ಳುತ್ತದೆ, ಆಯಿಲ್ ಹಾಲಿನ ಹಾಗಾಗುತ್ತದೆ. ಆ ಐದು ನಿಮಿಷದಲ್ಲಿ ಇಬ್ಬರೂ ಒಂದೊಂದು ಕೋಲು ಹಿಡಿದು ನಡೆದು ದಾಟಿದೆವು. ನೀರು ಮೊಣಕಾಲಿನ ಕೆಳಗೇ ಇತ್ತು, ಆದರೆ ಬಲಗಡೆ ಒಂದು ಕಲ್ಲಿನ ಹಿಂದೆ ಗುಂಡಿ, ಕೋಲು ಸರಕ್ಕನೆ ತೊಡೆಯಷ್ಟು ಇಳಿಯಿತು. ಮೇಲಿನಿಂದ ಅದು ಗೊತ್ತೇ ಆಗುತ್ತಿರಲಿಲ್ಲ. ಅಲ್ಲಿ ನೀರು ನಯವಾಗಿ, ಗಾಜಿನ ಹಾಗೆ ಹರಿಯುತ್ತಿತ್ತು. ಆಳ ಕಡಿಮೆ ಇರುವ ಕಡೆ ಮಾತ್ರ ಸಣ್ಣ ಸಣ್ಣ ಅಲೆ, ಗಲಗಲ ಸದ್ದು. ಈ ನಯವಾದ ನೀರನ್ನು ನಂಬಬೇಡಿ ಅಂತ ಅವರು ಮೂರು ಸಲ ಹೇಳಿದರು.

ದಾಟುವಾಗ ನಡಿಗೆಯ ವೇಗ ಸಾಕು. ಮುಂದಿನ ಬಂಪರ್ ಎದುರು ಒಂದು ಸಣ್ಣ ಅಲೆ ಏಳುತ್ತದೆ, ಅದರ ಹಿಂದೆಯೇ ಹೋಗುತ್ತಿರಬೇಕು. ನಡುವೆ ಗೇರು ಬದಲಿಸಬಾರದು, ಕ್ಲಚ್ ಮುಟ್ಟಬಾರದು, ನಿಲ್ಲಿಸಲೇಬಾರದು. ಆಚೆ ದಡ ಹತ್ತಿದ ಮೇಲೆ ಬ್ರೇಕನ್ನು ನಾಲ್ಕೈದು ಸಲ ಮೆತ್ತಗೆ ಒತ್ತಿ ಒಣಗಿಸಿಕೊಳ್ಳಬೇಕು. ಆಮೇಲೆ ಸಿಕ್ಕ ದಾಟುಗಳನ್ನೆಲ್ಲ ಹೀಗೇ ದಾಟಿದೆ.

ಇನ್ನು ಜಲಪಾತಗಳು. ಕಣಿವೆಯಲ್ಲಿ ಎಷ್ಟು ಜಲಪಾತ ಇವೆ ಅಂತ ಕೇಳಿದರೆ ಉತ್ತರ ಆ ದಿನದ ಮಳೆಯ ಮೇಲೆ. ಹೆಸರಿರುವವು ಕೆಲವು, ಟೊಪಟಾರಿ, ವೈಹರೂರು, ಪುರಾಹ. ಉಳಿದವು ಮಳೆ ಬಂದಾಗ ಗೋಡೆಯ ಮೇಲೆ ಬಿಳಿ ದಾರದ ಹಾಗೆ ಇಳಿಯುತ್ತವೆ, ಎರಡು ದಿನ ಒಣಗಿದರೆ ಮಾಯ. ಟಹೀಟಿ ಭಾಷೆಯಲ್ಲಿ "ವೈ" ಅಂದರೆ ನೀರು, "ಹರೂರು" ಅಂದರೆ ಗುಡುಗುಟ್ಟುವ ಸದ್ದು. ಹಾಗಾದರೆ ಪಪೆನೋ, ಪಪೇಟೆಯಲ್ಲಿರುವ "ಪಪೆ" ಏನು ಅಂತ ಕೇಳಿದೆ. ಅದೂ ನೀರೇ. ಅರಸರ ಹೆಸರಲ್ಲಿ ಬರುವ ಪದವನ್ನು ಜನ ಆಡುವ ಹಾಗಿಲ್ಲ ಎಂಬ ನಿಷೇಧ ಹಿಂದೆ ಅಲ್ಲಿತ್ತು, ಹಾಗೆ "ವೈ" ಹೋಗಿ "ಪಪೆ" ಬಂತಂತೆ. ಜಲಪಾತಗಳಲ್ಲಿ ಹಳೆಯ ಪದ ಹಾಗೇ ಉಳಿದಿದೆ. ನನಗೆ ಇದು ಬಹಳ ಇಷ್ಟವಾಯಿತು.

ಒಂದು ಜಲಪಾತದ ಬುಡದವರೆಗೆ ನಡೆದು ಹೋದೆ. ಅಲ್ಲಿ ನಿಂತು ಬಂಡೆ ನೋಡಿದರೆ ಪದರ ಪದರ, ಒಂದರ ಮೇಲೊಂದು ರೊಟ್ಟಿ ಜೋಡಿಸಿಟ್ಟ ಹಾಗೆ. ಒಂದೊಂದು ಪದರವೂ ಒಂದೊಂದು ಸಲ ಹರಿದ ಲಾವಾ. ಗಟ್ಟಿ ಪದರ ಉಳಿದುಕೊಂಡು ಅದರ ಕೆಳಗಿನ ಮೆತ್ತನೆಯದನ್ನು ನೀರು ತಿಂದುಹಾಕುತ್ತದೆ, ಹಾಗಾಗಿಯೇ ನೀರು ಬಂಡೆಗೆ ತಾಗದೆ ದೂರ ಬೀಳುವುದು. ಈಜಬೇಕು ಅನ್ನಿಸುತ್ತದೆ. ಕಾಲಿನಲ್ಲಿ ಗಾಯ ಇದ್ದರೆ ಇಳಿಯಬೇಡಿ. ಅಲ್ಲಿ ಇಲಿಜ್ವರ ಇದೆ, ಹೊಳೆ ನೀರಿನಿಂದಲೂ ಬರುತ್ತದೆ, ಮಳೆ ಬಿದ್ದ ಮೇಲೆ ಜಾಸ್ತಿ. ನನ್ನ ಹಿಮ್ಮಡಿ ಚಪ್ಪಲಿಯಿಂದ ಸುಲಿದಿತ್ತು, ದಡದಲ್ಲೇ ಕೂತೆ.

ದಡದಲ್ಲಿ ಕೂತಾಗ ಪಕ್ಕದಲ್ಲೊಂದು ಗಿಡ ಇತ್ತು. ಎಲೆ ನನ್ನ ಮೊಣಕೈಯಿಂದ ಬೆರಳ ತುದಿಗಿಂತಲೂ ಉದ್ದ, ಮೇಲೆ ಕಡು ಹಸಿರು, ಮೂರು ದಪ್ಪ ನರ. ತಿರುಗಿಸಿದರೆ ಅಡಿಭಾಗ ಬದನೆಕಾಯಿ ಬಣ್ಣ. ಎಷ್ಟು ಚಂದದ ಗಿಡ ಅಂತ ಫೋಟೋ ತೆಗೆಯುತ್ತಿದ್ದೆ, ಯಜಮಾನರು ಬಂದು ಅದನ್ನು ಬೇರು ಸಮೇತ ಕಿತ್ತು, ಬೇರು ಮೇಲಾಗಿ ಕೊಂಬೆಗೆ ನೇತುಹಾಕಿದರು. ಅದು ಮಿಕೋನಿಯ. 1937ರಲ್ಲಿ ಅಂದಕ್ಕಾಗಿ ಒಂದು ಸಸ್ಯೋದ್ಯಾನಕ್ಕೆ ತಂದದ್ದು ಈಗ ದ್ವೀಪದ ಮೂರನೇ ಎರಡು ಭಾಗಕ್ಕೂ ಹೆಚ್ಚು ಹರಡಿದೆ. ಅಗಲ ಎಲೆಯ ನೆರಳಲ್ಲಿ ಬೇರೆ ಗಿಡಗಳು ಮೇಲೇಳುವುದು ಕಷ್ಟ. ಬೇರು ಆಳಕ್ಕೆ ಹೋಗದ ಕಾರಣ ಜೋರು ಮಳೆಗೆ ಇಳಿಜಾರಿನ ಮಣ್ಣೇ ಜಾರುತ್ತದೆ. ಬೀಜ ಮರಳಿನ ಕಾಳಿನಷ್ಟು ಸಣ್ಣದು, ಟೈರಿನ ಕೆಸರಲ್ಲಿ, ಬೂಟಿನ ಅಡಿಯಲ್ಲಿ ಕೂತು ಪ್ರಯಾಣ ಮಾಡುತ್ತದೆ. ಕಾಡೊಳಗೆ ಗಾಡಿ ತಗೊಂಡು ಹೋಗುವ ನಮ್ಮಂಥವರು ಇದನ್ನು ತಿಳಿದುಕೊಳ್ಳಲೇಬೇಕು.

ಮಧ್ಯಾಹ್ನಕ್ಕೆ ಫಾರೆ ಹಾಪೆ ತಲುಪಿದೆವು, ಕಣಿವೆಯ ಹೃದಯಭಾಗ. ಇಲ್ಲಿ ಹಿಂದೆ ಜನ ವಾಸವಿದ್ದರು. ಕಲ್ಲು ಹಾಸಿದ ಮರಾಯೆ ಎಂಬ ಪೂಜಾ ಸ್ಥಳಗಳು, ಬಿಲ್ವಿದ್ಯೆಗೆ ಕಟ್ಟಿದ ಕಲ್ಲಿನ ಜಗಲಿಗಳು ಇವೆ. ಅವರಲ್ಲಿ ಬಾಣ ಬಿಡುವುದು ಯುದ್ಧಕ್ಕಲ್ಲ, ಅದು ದೊಡ್ಡ ಮನೆತನದವರ ಪವಿತ್ರ ಆಟ, ಗುರಿಗಿಂತ ದೂರ ಮುಖ್ಯ. ಯುರೋಪಿನವರು ಬಂದ ಮೇಲೆ ರೋಗಗಳಿಂದ ಜನ ಸತ್ತರು, ಉಳಿದವರು ಕರಾವಳಿಗೆ ಇಳಿದರು, ಕಣಿವೆ ಖಾಲಿಯಾಯಿತು. ಆದರೆ ಅವರು ನೆಟ್ಟದ್ದು ಇನ್ನೂ ಇದೆ: ಕೆಸು, ಜೀಗುಜ್ಜೆ, ಗೊನೆ ಮೇಲ್ಮುಖವಾಗಿ ನಿಲ್ಲುವ ಕೆಂಪು ಬೆಟ್ಟದ ಬಾಳೆ. ಜೀಗುಜ್ಜೆ ಮರದ ಅಡಿಯಲ್ಲೇ ಕೂತು ಕಾಸ್‌ಕ್ರೂಟ್ ತಿಂದೆವು, ಉದ್ದದ ಫ್ರೆಂಚ್ ಬ್ರೆಡ್ಡಿನ ನಡುವೆ ಮೀನು ಇಟ್ಟದ್ದು. ಅಲ್ಲಿಂದ ಮುಂದೆ ಒಂದು ಸುರಂಗ ದಾಟಿ ವೈಹಿರಿಯ ಸರೋವರದ ಮೂಲಕ ದಕ್ಷಿಣ ಕರಾವಳಿಗೆ ಇಳಿಯುವ ದಾರಿ ಇದೆ. ನಾವು ಹೋದಾಗ ಆ ಕಡೆ ಗೇಟ್ ಮುಚ್ಚಿತ್ತು. ಬಂದ ದಾರಿಯಲ್ಲೇ ವಾಪಸ್.

ತಿರುಗಿ ಹೊರಟು ಇಪ್ಪತ್ತು ನಿಮಿಷ ಆಗಿತ್ತು. ನಮ್ಮ ಮೇಲೆ ಹನಿಯೂ ಇಲ್ಲ, ಆದರೆ ಒರೊಹೆನಾ ಕಡೆ ಮೋಡ ಕಪ್ಪಾಗಿ ಕೆಳಗಿಳಿದಿತ್ತು. ಬೆಳಿಗ್ಗೆ ದಾಟಿದ್ದ ಒಂದು ಜಾಗಕ್ಕೆ ಬಂದು ನಿಂತೆ. ನೀರಿನ ಎತ್ತರ ಹೆಚ್ಚುಕಡಿಮೆ ಅಷ್ಟೇ. ದಾಟಿಸಬಹುದು ಅಂತಲೇ ನನಗೆ ಅನ್ನಿಸಿತು, ಕೈ ಗೇರಿನ ಮೇಲಿತ್ತು. ಯಜಮಾನರು "ಎಲೆ ನೋಡಿ" ಅಂದರು. ನೀರಿನ ಮೇಲೆ ಹಸಿ ಎಲೆ, ಕಡ್ಡಿ ತೇಲಿ ಬರುತ್ತಿದ್ದವು. ಬೆಳಿಗ್ಗೆ ಒಂದೂ ಇರಲಿಲ್ಲ. ಒಂದು ಚಪ್ಪಟೆ ಕಲ್ಲು ತೋರಿಸಿ ಅದನ್ನೇ ನೋಡುತ್ತಿರಿ ಅಂದರು. ಕಲ್ಲಿನ ತಲೆ ಒಣಗಿತ್ತು. ಹತ್ತು ನಿಮಿಷದಲ್ಲಿ ಒದ್ದೆಯಾಯಿತು, ಇನ್ನೂ ಐದು ನಿಮಿಷಕ್ಕೆ ಕಲ್ಲೇ ಇಲ್ಲ. ಆಮೇಲೆ ಕೆಂಪು ನೀರು ಬಂತು. ಒಳಗೆ ಬಂಡೆಗಳು ಒಂದಕ್ಕೊಂದು ಬಡಿಯುವ ದಡ ದಡ ಸದ್ದು ಕಾಲಿನ ಅಡಿಯ ನೆಲದಲ್ಲೇ ಕೇಳುತ್ತಿತ್ತು. ನಾನು ದಾಟಿಸಿದ್ದರೆ ನಡುವೆ ಸಿಕ್ಕಿಬೀಳುತ್ತಿದ್ದೆನೋ ಇಲ್ಲವೋ ಹೇಳಲಾರೆ, ಆದರೆ ಆ ಸದ್ದು ಕೇಳಿದ ಮೇಲೆ ಕೈಕಾಲು ತಣ್ಣಗಾದವು.

ಗಾಡಿಯನ್ನು ಹಿಂದಕ್ಕೆ ಎತ್ತರದ ಜಾಗಕ್ಕೆ ತಂದು ಕಾದೆವು. ಗೋಡೆಗಳ ತುಂಬ ಜಲಪಾತ. ಎಣಿಸಲು ಶುರುಮಾಡಿ ನಲವತ್ತರ ಹತ್ತಿರ ಬಿಟ್ಟೆ. ಇಂಥ ಕಡಿದಾದ ಕಣಿವೆಯಲ್ಲಿ ನೀರು ಬೇಗ ಏರುತ್ತದೆ, ಇಳಿಯಲು ಅದಕ್ಕಿಂತ ಹೆಚ್ಚು ಹೊತ್ತು ಬೇಕು. ಎರಡೂವರೆ ಗಂಟೆ ಆದ ಮೇಲೆ ಆ ಚಪ್ಪಟೆ ಕಲ್ಲಿನ ತಲೆ ಮತ್ತೆ ಕಂಡಿತು. ಆಗಲೂ ಕೋಲು ಹಿಡಿದು ನಡೆದು ನೋಡಿದೆವು, ಬೆಳಿಗ್ಗೆಯ ಗುಂಡಿ ಜಾಗ ಬದಲಿಸಿತ್ತು. ಹಳೆಯ ಚಕ್ರದ ಗುರುತಿನ ಮೇಲೆ ಹೋಗದೆ ಹೊಳೆಯ ಮೇಲ್ಗಡೆಗೆ ಹತ್ತು ಅಡಿ ಸರಿದು ದಾಟಿದೆವು.

ಕತ್ತಲಾಗುವ ಹೊತ್ತಿಗೆ ಅವರ ಮನೆಯಂಗಳ. ನೀರಿನ ಪೈಪ್ ಹಿಡಿದು ಟೈರಿನ ಸಂದಿ ಸಂದಿ, ಮಡ್‌ಗಾರ್ಡಿನ ಒಳಗೆ, ಕಾಲಡಿಯ ರಬ್ಬರ್ ಹಾಸು ಎಲ್ಲ ತೊಳೆದೆವು. ಬೂಟಿನ ಕೆಸರನ್ನು ಅವರು ಹಳೆಯ ಹಲ್ಲುಜ್ಜುವ ಬ್ರಷ್ಷಿನಿಂದ ತಿಕ್ಕಿಸಿದರು. ಮಾರನೇ ದಿನ ಬೆಳಿಗ್ಗೆ ವಿಮಾನಕ್ಕೆ ಮುಂಚೆ ಸಮಯವಿತ್ತು, ಮತ್ತೆ ಸೇತುವೆಗೆ ಹೋದೆ. ಹೊಳೆ ಸಮುದ್ರ ಸೇರುವಲ್ಲಿ ಕಂದು ಬಣ್ಣದ ಒಂದು ಗೆರೆ ಇನ್ನೂ ದೂರದವರೆಗೆ ಇತ್ತು, ಕರಿ ಮರಳಿನ ದಡದ ತುಂಬ ಕಡ್ಡಿ, ಎಲೆ. ಸೇತುವೆಯ ಕೆಳಗೆ ಕಲ್ಲುಗಳು ಕಾಣುತ್ತಿದ್ದವು.