ಕಾಯಿಲೆಯ ಚಿಂತೆಗೆ ತಾರೀಖು, ಸುದ್ದಿಗೆ ಹೊತ್ತು

ಸ್ವಂತ ಆರೋಗ್ಯದ ಬಗೆಗಿನ ಭಯ ಬೇರೆ, ಲೋಕದ ಆಗುಹೋಗುಗಳ ಬಗೆಗಿನ ಭಯ ಬೇರೆ ಎಂದು ನಾವು ಭಾವಿಸುತ್ತೇವಾದರೂ ಈಗೀಗ ಅವೆರಡೂ ಹೆಚ್ಚಾಗಿ ಒಟ್ಟಿಗೇ ಬರುತ್ತವೆ. 2021ರ ಅಕ್ಟೋಬರ್ 29ರಂದು ಪುನೀತ್ ರಾಜ್‌ಕುಮಾರ್ 46ನೆಯ ವಯಸ್ಸಿನಲ್ಲಿ ತೀರಿಕೊಂಡ ಮೇಲೆ ರಾಜ್ಯದ ಹೃದ್ರೋಗ ಆಸ್ಪತ್ರೆಗಳಿಗೆ ತಪಾಸಣೆಗೆಂದು ಬರುವವರ ಸಂಖ್ಯೆ ಒಮ್ಮೆಲೇ ಏರಿತು. 2025ರ ಜೂನ್, ಜುಲೈನಲ್ಲಿ ಹಾಸನ ಜಿಲ್ಲೆಯ ಹಠಾತ್ ಸಾವುಗಳ ಸುದ್ದಿ ದಿನವೂ ಬರತೊಡಗಿದಾಗಲೂ ಜಯದೇವ ಆಸ್ಪತ್ರೆಗಳಲ್ಲಿ ಇದೇ ನೂಕುನುಗ್ಗಲು ಕಂಡಿತು. ಆ ಬಳಿಕ ಜಯದೇವ ಸಂಸ್ಥೆಯ ನಿರ್ದೇಶಕರ ನೇತೃತ್ವದ ಸಮಿತಿಯು ಪರಿಶೀಲಿಸಿ, ಅಂಥ ಸಾವುಗಳಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲ ಎಂದು ವರದಿ ಕೊಟ್ಟಿತು. ಆ ವರದಿಯನ್ನು ಓದಿದವರು ಸರದಿಯಲ್ಲಿ ನಿಂತವರಿಗಿಂತ ಕಡಿಮೆ ಎಂಬುದು ನನ್ನ ಊಹೆ.

ಮೊದಲು ಮಾಡಬೇಕಾದದ್ದು ಚಿಂತೆಗಳನ್ನು ಬರೆದು ವಿಂಗಡಿಸುವುದು. ಒಂದು ನೋಟ್‌ಬುಕ್ಕಿನಲ್ಲಿ, ದಿನಕ್ಕೊಮ್ಮೆ, ಸಂಜೆ ಇಪ್ಪತ್ತು ನಿಮಿಷ ಮಾತ್ರ, ಮನಸ್ಸಿನಲ್ಲಿರುವುದನ್ನೆಲ್ಲ ಒಂದೊಂದು ಸಾಲಾಗಿ ಬರೆದು, ಪ್ರತಿ ಸಾಲಿನ ಮುಂದೆ ‘ಇದಕ್ಕೆ ನಾನು ಮಾಡಬಹುದಾದ ಕೆಲಸ ಇದೆಯೇ?’ ಎಂದು ಕೇಳಿಕೊಳ್ಳಿ. ಇದ್ದರೆ ಕೆಲಸವನ್ನೂ ಅದರ ತಾರೀಖನ್ನೂ ಬರೆಯಿರಿ. ಇಲ್ಲದಿದ್ದರೆ ಸಾಲನ್ನು ಹಾಗೆಯೇ ಬಿಡಿ. ಹಗಲಿನಲ್ಲಿ ಅದೇ ಚಿಂತೆ ಮತ್ತೆ ಬಂದರೆ ಅದನ್ನು ಸಂಜೆಗೆ ಮುಂದೂಡಬೇಕು. ಆರಂಭದಲ್ಲಿ ಇದು ಮಕ್ಕಳಾಟದಂತೆ ಕಾಣಬಹುದಾದರೂ, ಆತಂಕಕ್ಕೆ ಚಿಕಿತ್ಸೆ ಕೊಡುವವರು ನಿಜವಾಗಿಯೂ ಹೇಳಿಕೊಡುವ ವಿಧಾನಗಳಲ್ಲಿ ಇದೂ ಒಂದು.

ಎಲ್ಲ ಭಯವೂ ಮನಸ್ಸಿನ ಸೃಷ್ಟಿ ಎಂದು ತಳ್ಳಿಹಾಕುವವರ ಮಾತನ್ನು ನಂಬಬೇಡಿ. 2023ರ ಆಗಸ್ಟ್‌ನಲ್ಲಿ ಚಿತ್ರದುರ್ಗದ ಕವಾಡಿಗರಹಟ್ಟಿಯಲ್ಲಿ ಕಲುಷಿತ ನೀರು ಕುಡಿದು ಜನ ಆಸ್ಪತ್ರೆ ಸೇರಿದರು, ಕೆಲವರು ಪ್ರಾಣ ಕಳೆದುಕೊಂಡರು. ಇಂಥ ಸುದ್ದಿ ಓದಿದಾಗ ನಮ್ಮ ನಲ್ಲಿಯ ನೀರಿನ ಬಗ್ಗೆ ಅನುಮಾನ ಬರುವುದು ವಿವೇಕವೇ ಆಗಿದೆ, ಮತ್ತು ಅದಕ್ಕೆ ಮಾಡಬಹುದಾದ ಕೆಲಸವೂ ಇದೆ: ನೀರನ್ನು ಕುದಿಸಿ ಕುಡಿಯುವುದು, ಬಣ್ಣ ಅಥವಾ ವಾಸನೆ ಬದಲಾದರೆ ನಗರಸಭೆಗೋ ಪಂಚಾಯಿತಿಗೋ ಅಂದೇ ತಿಳಿಸುವುದು, ವಾಂತಿ ಭೇದಿ ಶುರುವಾದರೆ ಓಆರ್‌ಎಸ್ ಕುಡಿಸುತ್ತಾ ಆಸ್ಪತ್ರೆಗೆ ಹೋಗುವುದು. ಚಿತ್ರದುರ್ಗದ ಬಯಲಿನ ಕೊಳವೆಬಾವಿಗಳಲ್ಲಿ ಕಾಡುವ ಫ್ಲೋರೈಡ್ ಮಾತ್ರ ಕುದಿಸಿದರೆ ಹೋಗುವುದಿಲ್ಲ ಎಂಬುದನ್ನು ಇಲ್ಲಿಯೇ ಹೇಳಬೇಕು. ಅದಕ್ಕೆ ಶುದ್ಧ ಕುಡಿಯುವ ನೀರಿನ ಘಟಕದ ನೀರೇ ಬೇಕು.

ಇನ್ನು ದೇಹದ ಚಿಂತೆ. ಎದೆ ಡವಡವ, ಕೈನಡುಕ, ಸುಸ್ತು ಇವು ಆತಂಕದಿಂದ ಬರುವಂತೆಯೇ ರಕ್ತಹೀನತೆಯಿಂದಲೂ ಥೈರಾಯ್ಡ್ ಹೆಚ್ಚಾದಾಗಲೂ ಬರುತ್ತವೆ. ಆದುದರಿಂದ ಒಮ್ಮೆ, ಒಬ್ಬ ವೈದ್ಯರ ಬಳಿ, ಸರಿಯಾಗಿ ತೋರಿಸಿಕೊಳ್ಳುವುದು ಅಗತ್ಯ. ದಾವಣಗೆರೆಯಂಥ ಊರಿನಲ್ಲಿ ಕಷ್ಟ ಬೇರೆಯದೇ ಆಗಿದೆ. ಎರಡು ವೈದ್ಯಕೀಯ ಕಾಲೇಜುಗಳು, ಬಾಪೂಜಿ ಆಸ್ಪತ್ರೆ, ಚಿಗಟೇರಿ ಜಿಲ್ಲಾ ಆಸ್ಪತ್ರೆ, ಬೀದಿ ಬೀದಿಗೆ ಲ್ಯಾಬುಗಳು ಇರುವಲ್ಲಿ ಇಂದು ಒಬ್ಬರ ಬಳಿ, ನಾಳೆ ಇನ್ನೊಬ್ಬರ ಬಳಿ ತೋರಿಸಿಕೊಳ್ಳುವುದು ಬಹಳ ಸುಲಭ. ‘ಏನೂ ಇಲ್ಲ’ ಎಂಬ ಮಾತು ಕೇಳಿದ ಕೂಡಲೇ ಸಿಗುವ ಸಮಾಧಾನ ಎರಡು ಮೂರು ದಿನದಲ್ಲಿ ಕರಗುತ್ತದೆ, ಮನಸ್ಸು ಮತ್ತೆ ಅದೇ ಮಾತನ್ನು ಕೇಳಬಯಸುತ್ತದೆ, ಹೀಗೆ ಪ್ರತಿ ಪರೀಕ್ಷೆಯೂ ಮುಂದಿನ ಪರೀಕ್ಷೆಯ ಹಂಬಲವನ್ನು ಬೆಳೆಸುತ್ತದೆ. ಇಡೀ ದೇಹದ ತಪಾಸಣೆಯ ಪ್ಯಾಕೇಜುಗಳ ಬಗ್ಗೆ ನನಗೆ ಅಷ್ಟೇನೂ ಒಲವಿಲ್ಲದಿರುವುದಕ್ಕೆ ಒಂದು ಲೆಕ್ಕವೂ ಕಾರಣ. ವರದಿಯಲ್ಲಿ ಅಚ್ಚಾಗುವ ‘ಸಾಮಾನ್ಯ ಮಿತಿ’ಯನ್ನು ಸಾಮಾನ್ಯವಾಗಿ ಆರೋಗ್ಯವಂತರಲ್ಲಿ ನೂರಕ್ಕೆ 95 ಮಂದಿ ಅದರೊಳಗೆ ಬರುವಂತೆ ಗೊತ್ತುಪಡಿಸಿರುತ್ತಾರೆ. ಆದ್ದರಿಂದ ಒಂದೇ ಬಾರಿಗೆ 20 ಅಂಶಗಳನ್ನು ಪರೀಕ್ಷಿಸಿದರೆ, ಯಾವ ಕಾಯಿಲೆಯೂ ಇಲ್ಲದ ವ್ಯಕ್ತಿಯ ವರದಿಯಲ್ಲೂ ಒಂದಾದರೂ ಅಂಕಿ ಆ ಮಿತಿಯ ಹೊರಗೆ ಬಿದ್ದು ದಪ್ಪಕ್ಷರದಲ್ಲಿ ಬರುವ ಸಂಭವವೇ ಹೆಚ್ಚು. ಆ ದಪ್ಪಕ್ಷರವನ್ನು ಫೋನಿನಲ್ಲಿ ಹುಡುಕುತ್ತಾ ಕೂರದೆ, ಪರೀಕ್ಷೆ ಬರೆದುಕೊಟ್ಟ ವೈದ್ಯರಿಗೇ ತೋರಿಸಬೇಕು.

ಅಳೆಯುವುದಕ್ಕೂ ಒಂದು ಕ್ರಮ ಇರಲಿ. ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ಎಚ್‌ಬಿಎ1ಸಿ ಪರೀಕ್ಷೆಯನ್ನು ತಿಂಗಳಿಗೊಮ್ಮೆ ಮಾಡಿಸಿದರೆ ಹಣ ಖರ್ಚಾಗುವುದೇ ಹೊರತು ಹೊಸದೇನೂ ತಿಳಿಯುವುದಿಲ್ಲ. ಬಿ.ಪಿ. ನೋಡುವ ಮುನ್ನ ಅರ್ಧ ಗಂಟೆ ಕಾಫಿ, ಚಹಾ, ಬೀಡಿ ಸಿಗರೇಟು ಬಿಟ್ಟು, ಬೆನ್ನಿಗೆ ಆಸರೆ ಕೊಟ್ಟು ಐದು ನಿಮಿಷ ಸುಮ್ಮನೆ ಕುಳಿತಿರಬೇಕು. ಗಾಬರಿಯಲ್ಲಿ ನೋಡಿದ ಬಿ.ಪಿ. ಗಾಬರಿಯನ್ನೇ ತೋರಿಸುತ್ತದೆ. ಒಂದೇ ಸಲ 140/90 ಮೀರಿದ ಮಾತ್ರಕ್ಕೆ ರಕ್ತದೊತ್ತಡದ ಕಾಯಿಲೆ ಎಂದು ತೀರ್ಮಾನಿಸುವುದಿಲ್ಲ, ಬೇರೆ ಬೇರೆ ದಿನ ನೋಡಿಯೇ ಹೇಳುತ್ತಾರೆ. ವೈದ್ಯರು ಮುಂದಿನ ಭೇಟಿಗೆ ಕೊಟ್ಟ ತಾರೀಖನ್ನು ನೋಟ್‌ಬುಕ್ಕಿನಲ್ಲಿ ಬರೆದಿಟ್ಟು, ಅಲ್ಲಿಯವರೆಗೆ ಆ ವಿಷಯದ ವಿಡಿಯೊಗಳನ್ನು ನೋಡದಿರುವುದೇ ಈ ಕ್ರಮದ ಮುಖ್ಯ ಭಾಗ.

ತಾರೀಖಿಗೆ ಕಾಯಬಾರದ ಸಂದರ್ಭಗಳೂ ಇವೆ. ಎದೆಯ ನಡುವೆ ಒತ್ತಿದಂತೆ, ಹಿಂಡಿದಂತೆ ಆಗಿ ಕೆಲವು ನಿಮಿಷವಾದರೂ ಬಿಡದೆ, ನೋವು ಎಡಗೈಗೋ ದವಡೆಗೋ ಹರಿದು ತಣ್ಣನೆಯ ಬೆವರು ಬಂದರೆ, ಮುಖ ಒಂದು ಕಡೆ ಸೊಟ್ಟಗಾದರೆ, ಮಾತು ತೊದಲಿದರೆ, ಒಂದು ಕೈಯಲ್ಲಿ ಶಕ್ತಿ ಇಲ್ಲದಂತಾದರೆ ಕೂಡಲೇ 108ಕ್ಕೆ ಕರೆ ಮಾಡಬೇಕು. ನಮ್ಮ ಕಡೆ ಇದನ್ನೆಲ್ಲ ‘ಗ್ಯಾಸ್ಟ್ರಿಕ್ ಇರಬೇಕು’ ಎಂದು ಸೋಡಾ ಕುಡಿದು ಮಲಗುವವರೂ ಇದ್ದಾರೆ. ಸದಾ ಆತಂಕಪಡುವವರು ಬಂದರೆ ಆಸ್ಪತ್ರೆಯಲ್ಲಿ ನಗುತ್ತಾರೇನೋ ಎಂಬ ಸಂಕೋಚ ಅಂಥ ಹೊತ್ತಿನಲ್ಲಿ ಬೇಡ.

ಲೋಕದ ಸುದ್ದಿಯ ವಿಷಯದಲ್ಲಿ ‘ಎಲ್ಲೋ ನಡೆಯುವ ಯುದ್ಧ ನಮಗೇಕೆ’ ಎನ್ನುವುದು ದಾವಣಗೆರೆಯವರ ಮುಂದೆ ನಡೆಯುವ ಮಾತಲ್ಲ. 2022ರ ಮಾರ್ಚ್ 1ರಂದು ಉಕ್ರೇನಿನ ಖಾರ್ಕಿವ್‌ನಲ್ಲಿ ಪಕ್ಕದ ಹಾವೇರಿ ಜಿಲ್ಲೆಯ ವೈದ್ಯಕೀಯ ವಿದ್ಯಾರ್ಥಿಯೊಬ್ಬರು ದಾಳಿಗೆ ಬಲಿಯಾದರು. ಅವರ ದೇಹವನ್ನು ಮನೆಯವರು ದಾನವಾಗಿ ಕೊಟ್ಟದ್ದು ದಾವಣಗೆರೆಯ ಎಸ್.ಎಸ್. ವೈದ್ಯಕೀಯ ಕಾಲೇಜಿಗೆ. ಅದೇ ಯುದ್ಧದಿಂದ ಸೂರ್ಯಕಾಂತಿ ಎಣ್ಣೆಯ ಬೆಲೆ ನಮ್ಮ ಅಡುಗೆಮನೆಗಳಲ್ಲೂ ಏರಿತು. ಹೀಗಾಗಿ ಸುದ್ದಿ ತಿಳಿಯಲೇಬೇಕು, ಪ್ರಶ್ನೆ ಇರುವುದು ಎಷ್ಟು ಹೊತ್ತು ಎಂಬುದರಲ್ಲಿ. 2013ರ ಬೋಸ್ಟನ್ ಮ್ಯಾರಥಾನ್ ಸ್ಫೋಟದ ನಂತರ ಅಮೆರಿಕದಲ್ಲಿ ನಡೆದ ಅಧ್ಯಯನವೊಂದರಲ್ಲಿ, ಆ ಸುದ್ದಿಯನ್ನು ದಿನಕ್ಕೆ ಆರು ಗಂಟೆಗೂ ಹೆಚ್ಚು ನೋಡಿದವರು ಸ್ಥಳದಲ್ಲಿಯೇ ಇದ್ದವರಿಗಿಂತಲೂ ಹೆಚ್ಚಿನ ಮಾನಸಿಕ ಒತ್ತಡವನ್ನು ಹೇಳಿಕೊಂಡದ್ದು ಕಂಡುಬಂತು.

ಬೆಳಿಗ್ಗೆ ಒಂದು ಪತ್ರಿಕೆ, ರಾಜ್ಯಮಟ್ಟದ್ದಾದರೂ ಸರಿ, ದಾವಣಗೆರೆಯ ಜನತಾವಾಣಿಯಾದರೂ ಸರಿ. ಸಂಜೆ ಒಮ್ಮೆ ಆಕಾಶವಾಣಿಯ ವಾರ್ತೆ. ಇವೆರಡಕ್ಕೂ ಮುಗಿಯುವ ಗುಣವಿದೆ, ಟಿ.ವಿ.ಯ ಬ್ರೇಕಿಂಗ್ ನ್ಯೂಸ್‌ಗೂ ಫೋನಿನ ರೀಲ್ಸ್‌ಗೂ ಅದಿಲ್ಲ. ಸುದ್ದಿ ಆ್ಯಪ್‌ಗಳ ನೋಟಿಫಿಕೇಶನ್ ನಿಲ್ಲಿಸಿಬಿಡಿ. ವಾಟ್ಸ್ಆ್ಯಪ್‌ನಲ್ಲಿ ಜೋಡಿ ಬಾಣದ ಗುರುತಿನೊಂದಿಗೆ ಬಂದ ಸಂದೇಶ ಅನೇಕ ಕೈ ದಾಟಿ ಬಂದದ್ದೆಂದು ತಿಳಿದು, ಅದರಲ್ಲಿರುವ ವಿಷಯ ಮರುದಿನದ ಪತ್ರಿಕೆಯಲ್ಲಿ ಬರುವವರೆಗೆ ನಂಬುವುದನ್ನೂ ಮುಂದೆ ಕಳಿಸುವುದನ್ನೂ ತಡೆಹಿಡಿಯಿರಿ. ಮಗ ಅಥವಾ ಮಗಳು ಹೊರದೇಶದಲ್ಲಿದ್ದರೆ ಅಲ್ಲಿನ ಭಾರತೀಯ ರಾಯಭಾರ ಕಚೇರಿಯ ನಂಬರು, ಪಾಸ್‌ಪೋರ್ಟಿನ ಪ್ರತಿ ಮನೆಯಲ್ಲಿರಲಿ ಮತ್ತು ಕರೆ ಮಾಡುವ ಹೊತ್ತು ಗೊತ್ತಿರಲಿ. ಇಷ್ಟನ್ನು ಮಾಡಿದ ಮೇಲೆ ಯುದ್ಧದ ನಕಾಶೆಯನ್ನು ಗಂಟೆಗೊಮ್ಮೆ ನೋಡುವುದರಿಂದ ಅವರಿಗೆ ಯಾವ ರಕ್ಷಣೆಯೂ ಸಿಗದು.

ರಾತ್ರಿ ಎದೆ ಬಡಿದುಕೊಳ್ಳತೊಡಗಿದರೆ ಎದ್ದು ಕುಳಿತು, ನಾಲ್ಕು ಎಣಿಸುವಷ್ಟು ಉಸಿರು ಎಳೆದು ಆರು ಎಣಿಸುವಷ್ಟು ನಿಧಾನವಾಗಿ ಬಿಡುತ್ತಾ ಐದು ನಿಮಿಷ ಕಳೆಯಿರಿ. ಗಾಬರಿಯ ಅಲೆ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ಇಳಿಯತೊಡಗುತ್ತದೆ. ಫೋನು ಬೇರೆ ಕೋಣೆಯಲ್ಲಿರಲಿ. ಹಗಲಿನಲ್ಲಿ ವಾರಕ್ಕೆ ಒಟ್ಟು 150 ನಿಮಿಷ ಬಿರುಸಾಗಿ ನಡೆಯುವುದು ಬಿ.ಪಿ., ಶುಗರ್, ನಿದ್ದೆ ಮೂರಕ್ಕೂ ಒಳ್ಳೆಯದು. ಕುಂದವಾಡ ಕೆರೆಯ ಏರಿಯಾಗಲಿ, ಚಿತ್ರದುರ್ಗದ ಚಂದ್ರವಳ್ಳಿಯಾಗಲಿ ಇದಕ್ಕೆ ತಕ್ಕ ಜಾಗ. ವಾಕಿಂಗ್ ಗುಂಪಿನಲ್ಲಿ ಯಾರಿಗೆ ಯಾವ ಸ್ಟೆಂಟ್ ಹಾಕಿದರು ಎಂಬುದೇ ನಿತ್ಯದ ಮಾತಾಗಿದ್ದರೆ, ಅರ್ಧ ಗಂಟೆ ತಡವಾಗಿ ಹೊರಡುವುದು ಲೇಸು.

ಮನೆಯವರ ಪಾತ್ರವೂ ಇದೆ. ‘ನನಗೇನೂ ಆಗಿಲ್ಲ ಅಲ್ಲವೇ?’ ಎಂದು ಅಪ್ಪನೋ ಅಕ್ಕನೋ ದಿನಕ್ಕೆ ಹತ್ತು ಸಲ ಕೇಳಿದಾಗ ಗದರುವುದೂ ತಪ್ಪು, ಹತ್ತು ಸಲವೂ ಸಮಾಧಾನ ಹೇಳುವುದೂ ತಪ್ಪು. ಒಮ್ಮೆ ಪೂರ್ತಿ ಕೇಳಿಸಿಕೊಂಡು ಉತ್ತರಿಸಿ, ಮುಂದಿನ ಸಲ ‘ಡಾಕ್ಟರ ಹತ್ತಿರ 12ನೇ ತಾರೀಖು ಹೋಗುತ್ತೇವಲ್ಲ, ಅಲ್ಲಿ ಕೇಳೋಣ’ ಎಂದಷ್ಟೇ ಹೇಳಿ ಮಾತನ್ನು ಬೇರೆ ಕಡೆ ತಿರುಗಿಸಬೇಕು.

ಇಷ್ಟು ಮಾಡಿಯೂ ಕೆಲವು ವಾರ ನಿದ್ದೆ, ಊಟ, ಕೆಲಸ ಕೆಟ್ಟೇ ಇದ್ದರೆ, ಅಥವಾ ಬದುಕೇ ಬೇಡ ಎಂಬ ಯೋಚನೆ ಒಮ್ಮೆಯಾದರೂ ಬಂದರೆ, ನೆರವು ಕೇಳುವುದನ್ನು ತಡಮಾಡಬಾರದು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಿ ಕನ್ನಡದಲ್ಲಿಯೇ ಮಾತಾಡಬಹುದು, ಅದಕ್ಕೆ ಹಣವಿಲ್ಲ. ಮಂಗಳವಾರಗಳಂದು ಮನೋವೈದ್ಯರು ತಾಲ್ಲೂಕು ಆಸ್ಪತ್ರೆಗೆ ಬಂದು ನೋಡುವ ಮನೋಚೈತನ್ಯ ಕಾರ್ಯಕ್ರಮ ರಾಜ್ಯದಲ್ಲಿದೆ. ನಿಮ್ಮ ತಾಲ್ಲೂಕಿಗೆ ಯಾವ ಮಂಗಳವಾರ ಎಂಬುದನ್ನು ಆಶಾ ಕಾರ್ಯಕರ್ತೆಯರನ್ನೋ ಆಸ್ಪತ್ರೆಯನ್ನೋ ಕೇಳಿ ತಿಳಿಯಿರಿ. ಮಾತ್ರೆ ಶುರು ಮಾಡಿದರೆ ಬಿಡಲಾಗದು ಎಂಬ ಹೆದರಿಕೆ ಅನೇಕರಿಗಿದೆ. ಆತಂಕಕ್ಕೆ ದೀರ್ಘಕಾಲ ಕೊಡುವ ಮಾತ್ರೆಗಳು ಕೆಲಸ ಮಾಡಲು ಕೆಲವು ವಾರ ಹಿಡಿಯುತ್ತವೆ, ಚಟವಾಗುವಂಥವಲ್ಲ, ಆದರೆ ವೈದ್ಯರು ಹೇಳಿದಂತೆ ನಿಧಾನವಾಗಿಯೇ ನಿಲ್ಲಿಸಬೇಕು. ಚಟವಾಗುವ ಅಪಾಯ ಇರುವುದು ಅಲ್ಪ್ರಜೋಲಾಂನಂಥ, ತಕ್ಷಣ ನಿದ್ದೆ ಬರಿಸುವ ಮಾತ್ರೆಗಳಿಂದ. ಅವನ್ನು ಪರಿಚಯದ ಮೆಡಿಕಲ್ ಶಾಪಿನಲ್ಲಿ ಹಳೆಯ ಚೀಟಿ ತೋರಿಸಿ ತಂದು ನುಂಗುವುದನ್ನು ಇಂದೇ ನಿಲ್ಲಿಸಲು ಹೋಗದೆ, ಎಷ್ಟು ದಿನದಿಂದ ತೆಗೆದುಕೊಳ್ಳುತ್ತಿದ್ದೀರಿ ಎಂಬುದನ್ನು ವೈದ್ಯರಿಗೆ ಮುಚ್ಚಿಡದೆ ಹೇಳಿ, ಅವರ ಸಲಹೆಯಂತೆ ಕಡಿಮೆ ಮಾಡಿಕೊಳ್ಳಿ.